ಭಾರದ ಗುಂಡಿಗೆ ನಿಜಕ್ಕೂ ಎಷ್ಟು ಬಲ? ಅಜ್ಜನ ಕಾಲದ ರಿವಾಲ್ವರ್ ತೋಟಾಗಳ ಬಗ್ಗೆ

ಪ್ರಶ್ನೆ: ನಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿದ್ದರು. ಈಚೆಗೆ ಸೋಮವಾರಪೇಟೆ ಕಡೆಯ ಹಳೆಯ ಮನೆಯ ಅಟ್ಟ ತೆರವು ಮಾಡುವಾಗ ತಗಡಿನ ಡಬ್ಬಿಯೊಂದರಲ್ಲಿ ಹತ್ತಿಪ್ಪತ್ತು ರಿವಾಲ್ವರ್ ತೋಟಾಗಳು ಸಿಕ್ಕಿದವು. ರಿವಾಲ್ವರ್ ಇಲ್ಲ. ತೋಟಾದ ಬುಡದಲ್ಲಿ ಕೆ, ಎಫ್ ಎಂಬ ಇಂಗ್ಲಿಷ್ ಅಕ್ಷರಗಳೂ .380 ಎಂಬ ಅಂಕಿಯೂ ಇವೆ. ಗುಂಡಿನ ಮೇಲೆ ತಾಮ್ರದ ಬಣ್ಣದ ಕವಚವಿದೆ. ಇದು 200 ಗ್ರೇನ್ ಭಾರದ ಗುಂಡು, ಒಂದೇ ಏಟಿಗೆ ಎದುರಿನವನು ಹಿಂದಕ್ಕೆ ಹಾರಿ ಬೀಳುತ್ತಿದ್ದ ಎಂದು ಅಜ್ಜ ಹೇಳುತ್ತಿದ್ದರಂತೆ. ಆದರೆ ನಾನು ಓದಿದಲ್ಲೆಲ್ಲ ಇದು ಕೈಲಾಗದ ಗುಂಡು ಎಂದೇ ಬರೆದಿದ್ದಾರೆ. ಯಾವುದು ನಿಜ? ಎಂಬತ್ತು ವರ್ಷ ಕಳೆದ ಮೇಲೂ ಇವು ಹಾರುತ್ತವೆಯೇ? ಒಂದೆರಡನ್ನು ನೆನಪಿಗೆ ಇಟ್ಟುಕೊಳ್ಳಬಹುದೇ?

ಉತ್ತರ: ಮೊದಲು ಡಬ್ಬಿಯ ವಿಷಯ ಮುಗಿಸಿಬಿಡೋಣ, ಏಕೆಂದರೆ ಅದು ಕಾಯುವಂಥದ್ದಲ್ಲ. ತೋಟಾಗಳನ್ನು ಉಜ್ಜಿ ತೊಳೆಯಬೇಡಿ, ಇಕ್ಕಳ ಹಿಡಿದು ಗುಂಡು ಕೀಳಲು ಹೋಗಬೇಡಿ, ಯಾರದೋ ರಿವಾಲ್ವರ್ ತಂದು ಹಾರಿಸಿ ನೋಡುವ ಆಸೆಯನ್ನಂತೂ ಬಿಟ್ಟೇಬಿಡಿ. ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಗೆ ಫೋನ್ ಮಾಡಿ, ಇಂಥ ವಸ್ತು ಸಿಕ್ಕಿದೆ ಎಂದು ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ, ಲಿಖಿತ ಸ್ವೀಕೃತಿ ಪಡೆಯಿರಿ.

ಕೊಡಗಿನವರಾದ್ದರಿಂದ ಒಂದು ಮಾತು ಬಿಡಿಸಿ ಹೇಳಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಕೋವಿಗೆ ಸಂಬಂಧಿಸಿದ್ದು, ರಿವಾಲ್ವರಿಗಲ್ಲ. ಅದರಲ್ಲೂ .380 ಮತ್ತು .455 ತೋಟಾ ಹಿಡಿಸುವ ಯಾವುದೇ ಕೈಬಂದೂಕು ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ನಿಷೇಧಿತ ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಡ್ಡಳತೆ) ವರ್ಗಕ್ಕೆ ಸೇರುತ್ತದೆ. ಸೇನೆ ಮತ್ತು ಪೊಲೀಸರು ಬಳಸುವ ತೋಟಾಗಳು ಖಾಸಗಿ ಕೈಗೆ ಹೋಗಬಾರದು ಎಂಬುದು ಅದರ ಉದ್ದೇಶ. ಕಾನ್ಪುರದ ಸರ್ಕಾರಿ ಕಾರ್ಖಾನೆ ನಾಗರಿಕರಿಗಾಗಿ .32 ಬೋರಿನ ರಿವಾಲ್ವರ್ ಮಾಡುವುದಕ್ಕೂ ಇದೇ ಕಾರಣ. ನಿಷೇಧಿತ ಮದ್ದುಗುಂಡನ್ನು ತಿಳಿದೂ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷಗಳ ಶಿಕ್ಷೆಯ ಕಲಮು ತಗಲಬಹುದು. ಅಟ್ಟದಲ್ಲಿ ಇದ್ದದ್ದು ಇಷ್ಟು ದಿನ ನಿಮಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ. ಆದ್ದರಿಂದ ನೆನಪಿಗಾಗಿ ಒಂದನ್ನೂ ಇಟ್ಟುಕೊಳ್ಳುವಂತಿಲ್ಲ. ಒಪ್ಪಿಸುವ ಮೊದಲು ಬುಡದ ಮುದ್ರೆಯ ಸ್ಪಷ್ಟ ಫೋಟೊ ತೆಗೆದಿಟ್ಟುಕೊಳ್ಳಿ, ಅಷ್ಟು ಸಾಕು.

ಇನ್ನು ನಿಮ್ಮ ತೋಟಾ ಯಾವುದು ಎಂದು ನೋಡೋಣ. ಕೆ ಮತ್ತು ಎಫ್ ಎಂದರೆ ಪುಣೆಯ ಪಕ್ಕದ ಖಡಕಿಯ ಮದ್ದುಗುಂಡು ಕಾರ್ಖಾನೆ. ಬ್ರಿಟಿಷರ ಬಾಯಲ್ಲಿ ಅದು ಕಿರ್ಕಿ. .380 ಎಂಬುದು 1930ರ ದಶಕದಿಂದ ಬ್ರಿಟಿಷ್ ಮತ್ತು ಭಾರತೀಯ ಸೇನೆ ಬಳಸಿದ ರಿವಾಲ್ವರ್ ತೋಟಾದ ಹೆಸರು. ಆದರೆ ತಾಮ್ರದ ಬಣ್ಣದ ಕವಚವಿದೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಅದು ಮನೆಯವರು ಹೇಳುವ 200 ಗ್ರೇನಿನ ಗುಂಡಲ್ಲ. 200 ಗ್ರೇನಿನದು, ಎಂದರೆ ಸುಮಾರು 13 ಗ್ರಾಮಿನದು, ಮೊದಲ ಮಾದರಿ. ಕವಚವಿಲ್ಲದ ಬರಿ ಸೀಸ, ಮಂಕಾದ ಬೂದುಬಣ್ಣ, ಮೂತಿ ದುಂಡು. ನಿಮ್ಮಲ್ಲಿರುವುದು ನಂತರದ ಮಾರ್ಕ್ 2 ಸಾಲಿನ ತೋಟಾ. ಅದರ ಗುಂಡು 178 ಗ್ರೇನ್, ಸುಮಾರು 11.5 ಗ್ರಾಂ, ಸೀಸದ ತಿರುಳಿನ ಮೇಲೆ ಗಟ್ಟಿ ಲೋಹದ ಕವಚ. ಈ ಬದಲಾವಣೆ ಏಕೆ ಆಯಿತು ಎಂಬುದಕ್ಕೆ ಮುಂದೆ ಬರುತ್ತೇನೆ. ಅದರಲ್ಲಿ ನಮ್ಮ ದೇಶದ ಪಾಲೂ ಇದೆ.

ಈ ತೋಟಾ ಹುಟ್ಟಿದ ಕಥೆ ತಿಳಿದರೆ ನಿಮ್ಮ ಪ್ರಶ್ನೆಯ ಅರ್ಧಭಾಗಕ್ಕೆ ಉತ್ತರ ಸಿಗುತ್ತದೆ. 1887ರಿಂದ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿದ್ದದ್ದು ವೆಬ್ಲಿ ರಿವಾಲ್ವರ್. ಅದರ .455 ತೋಟಾದ ಗುಂಡು 265 ಗ್ರೇನ್, ಸುಮಾರು 17 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 180 ಮೀಟರ್. ಆಯುಧವೇ ಒಂದು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಕೆಲವೇ ವಾರಗಳ ತರಬೇತಿ ಪಡೆದ ಹೊಸಬರ ಕೈಗೆ ಅದನ್ನು ಕೊಟ್ಟಾಗ ಗುರಿ ಹಿಡಿಯುವುದೇ ಕಷ್ಟವಾಯಿತು. ಯುದ್ಧ ಮುಗಿದ ಮೇಲೆ ಹಗುರವಾದ, ಬೇಗ ಕಲಿಯಬಹುದಾದ ರಿವಾಲ್ವರಿಗಾಗಿ ಹುಡುಕಾಟ ಶುರುವಾಯಿತು. ಹಳೆಯ .38 ಸ್ಮಿತ್ ಅಂಡ್ ವೆಸನ್ ತೋಟಾದ ಕೊಳವೆಗೆ ಮಾಮೂಲಿ 146 ಗ್ರೇನಿನ ಬದಲು 200 ಗ್ರೇನಿನ ಉದ್ದ ಗುಂಡು ಕೂರಿಸಿದರೆ, ಒದೆತ ಕಡಿಮೆ ಇದ್ದೂ ದೊಡ್ಡ ಬೋರಿಗೆ ಹತ್ತಿರದ ಫಲ ಸಿಗುತ್ತದೆ ಎಂಬ ವಾದ ಗೆದ್ದಿತು. 1932ರಲ್ಲಿ ಎನ್‌ಫೀಲ್ಡ್ ನಂಬರ್ 2 ರಿವಾಲ್ವರ್ ಅಂಗೀಕಾರವಾಯಿತು. ತೂಕ 780 ಗ್ರಾಂ ಆಸುಪಾಸು. ಟ್ಯಾಂಕಿನ ಇಕ್ಕಟ್ಟಿನಲ್ಲಿ ಸುತ್ತಿಗೆಯ, ಎಂದರೆ ತೋಟಾದ ಬುಡಕ್ಕೆ ಬಡಿಯುವ ಭಾಗದ, ಹಿಂದಿನ ಕೊಕ್ಕೆ ಸಿಕ್ಕಿಕೊಳ್ಳುತ್ತದೆ ಎಂಬ ದೂರು ಬಂದದ್ದರಿಂದ 1938ರಲ್ಲಿ ಆ ಕೊಕ್ಕೆಯನ್ನೇ ತೆಗೆದುಹಾಕಿದರು. ಯುದ್ಧ ಬಂದಾಗ ಎನ್‌ಫೀಲ್ಡ್ ಸಾಲದೆ, ಇದೇ ತೋಟಾ ಹಾರಿಸುವ ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳು ಅಮೆರಿಕದಿಂದ ಲಕ್ಷಗಟ್ಟಲೆ ಬಂದವು. ಬರ್ಮಾ ರಂಗದಲ್ಲಿದ್ದ ಅಧಿಕಾರಿಗಳ ಬಳಿ ಇವುಗಳಲ್ಲಿ ಯಾವುದಾದರೂ ಒಂದು ಇರುತ್ತಿತ್ತು.

ಈಗ ಲೆಕ್ಕಕ್ಕೆ ಬರೋಣ. 13 ಗ್ರಾಮಿನ ಗುಂಡು ಸೆಕೆಂಡಿಗೆ 190 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಸುಮಾರು 235 ಜೂಲ್. .455ರದ್ದು ಸುಮಾರು 280 ಜೂಲ್. ಇಂದಿನ ಸಾಧಾರಣ 9 ಮಿ.ಮೀ. ಪಿಸ್ತೂಲಿನ 8 ಗ್ರಾಮಿನ ಗುಂಡು 350 ಮೀಟರ್ ವೇಗದಲ್ಲಿ ಹೋಗಿ 490 ಜೂಲ್ ಕೊಡುತ್ತದೆ. ಇದನ್ನು ನೋಡಿದವರು ಹಳೆಯ ಗುಂಡು ಕೈಲಾಗದ್ದು ಎಂದು ತೀರ್ಮಾನಿಸುತ್ತಾರೆ. ಇನ್ನೊಂದು ಪಂಗಡದವರು ಶಕ್ತಿಯನ್ನು ಬಿಟ್ಟು ಸಂವೇಗವನ್ನು, ಅಂದರೆ ತೂಕ ಮತ್ತು ವೇಗದ ಗುಣಲಬ್ಧವನ್ನು ಹಿಡಿಯುತ್ತಾರೆ. ಆಗ ಚಿತ್ರ ಬೇರೆ: .455ಕ್ಕೆ 3.1, 9 ಮಿ.ಮೀ.ಗೆ 2.8, .380ಕ್ಕೆ 2.5. ಹೀಗೆ ನೋಡಿದರೆ ಮೂರೂ ಹತ್ತಿರ ಹತ್ತಿರವೇ. ಭಾರದ ಗುಂಡಿನ ಅಭಿಮಾನಿಗಳು ನೂರು ವರ್ಷಗಳಿಂದ ಹಿಡಿದು ಕೂತಿರುವುದು ಈ ಎರಡನೇ ಲೆಕ್ಕವನ್ನು.

ಆದರೆ ಅದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿರಿ. .455 ಗುಂಡಿನ ಪೂರ್ತಿ ಸಂವೇಗ 60 ಕಿಲೋ ತೂಕದ ಮನುಷ್ಯನಿಗೆ ವರ್ಗಾವಣೆಯಾಯಿತು ಎನ್ನಿ. ಅವನ ದೇಹ ಹಿಂದಕ್ಕೆ ಚಲಿಸುವ ವೇಗ ಸೆಕೆಂಡಿಗೆ ಬರಿ 5 ಸೆಂಟಿಮೀಟರ್. .380ಕ್ಕೆ ಅದು 4 ಸೆಂಟಿಮೀಟರ್. ಒಬ್ಬರು ಮೆಲ್ಲಗೆ ಭುಜ ಮುಟ್ಟಿದರೂ ಇದಕ್ಕಿಂತ ಹೆಚ್ಚು ಅಲುಗುತ್ತೇವೆ. ಗುಂಡು ಎದುರಿನವನನ್ನು ಹಿಂದಕ್ಕೆ ಎಸೆಯುವಷ್ಟು ಬಲವುಳ್ಳದ್ದಾದರೆ ಹಾರಿಸಿದವನನ್ನೂ ಅಷ್ಟೇ ಬಲವಾಗಿ ಹಿಂದಕ್ಕೆ ಎಸೆಯಬೇಕು. ಅದು ನ್ಯೂಟನ್ನನ ನಿಯಮ, ಯಾವ ತೋಟಾಕ್ಕೂ ಅದರಿಂದ ರಿಯಾಯಿತಿ ಇಲ್ಲ. ಅಜ್ಜನ ಕಥೆಯಲ್ಲಿ ಎದುರಿನವನು ಬಿದ್ದದ್ದು ನಿಜವೇ ಇರಬಹುದು. ಗುಂಡಿನ ಏಟಿಗೆ ಜನ ಬೀಳುತ್ತಾರೆ: ಕಾಲು ಸೋತು ಬೀಳುತ್ತಾರೆ, ಭಯದಿಂದ ಬೀಳುತ್ತಾರೆ, ಮರೆಗಾಗಿ ಹಿಂದಕ್ಕೆ ಜಿಗಿದು ಬೀಳುತ್ತಾರೆ. ಗುಂಡು ಅವರನ್ನು ತಳ್ಳಿ ಬೀಳಿಸುವುದಿಲ್ಲ.

ಹಾಗಾದರೆ ತೂಕದಿಂದ ಲಾಭವೇನೂ ಇಲ್ಲವೇ? ಇದೆ, ಮತ್ತು ಅದು ಸಣ್ಣ ಲಾಭವಲ್ಲ. ಒಂದೇ ಅಡ್ಡಳತೆಯ ಎರಡು ಗುಂಡುಗಳಲ್ಲಿ ಹೆಚ್ಚು ಭಾರದ್ದು ಉದ್ದವಾಗಿರುತ್ತದೆ; ಅದರ ಮೂತಿಯ ಪ್ರತಿ ಚದರ ಮಿಲಿಮೀಟರಿನ ಹಿಂದೆ ಹೆಚ್ಚು ಸೀಸವಿರುತ್ತದೆ. ಹಾಗಾಗಿ ಅದು ತಡೆಯನ್ನು ದಾಟಿ ಆಳಕ್ಕೆ ಹೋಗುತ್ತದೆ. ಈ ಒಂದು ಗುಣದಲ್ಲಿ 200 ಗ್ರೇನಿನ .380 ಗುಂಡು ತನಗಿಂತ ದಪ್ಪನೆಯ .455ನ್ನೂ ಮೀರಿಸುತ್ತದೆ, ಇಂದಿನ ಹಗುರ 9 ಮಿ.ಮೀ. ಗುಂಡನ್ನಂತೂ ಬಹಳ ಹಿಂದೆ ಹಾಕುತ್ತದೆ. ಆಳದ ಬೆಲೆ ಎಷ್ಟೆಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕಲಿತದ್ದು 1986ರ ಏಪ್ರಿಲ್‌ನಲ್ಲಿ, ಮಿಯಾಮಿಯ ಕಾಳಗದಲ್ಲಿ. ಅಲ್ಲಿ ಹಗುರವಾದ, ವೇಗದ 9 ಮಿ.ಮೀ. ಗುಂಡೊಂದು ದರೋಡೆಕೋರನ ತೋಳನ್ನು ದಾಟಿ ಎದೆಯೊಳಗೆ ಹೋಗಿ ಹೃದಯ ಮುಟ್ಟುವ ಮೊದಲೇ ನಿಂತಿತು. ಅವನು ಆಮೇಲೂ ಗುಂಡು ಹಾರಿಸುತ್ತಲೇ ಇದ್ದ, ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಆ ನಂತರ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಮಾಂಸದ ಬದಲಿಗೆ ಜೆಲಟಿನ್ ಗಟ್ಟಿಗೆ ಗುಂಡು ಹಾರಿಸಿ ನೋಡಿದ ಪ್ರಯೋಗಗಳನ್ನು ಆಧಾರವಾಗಿಟ್ಟುಕೊಂಡು, ಗುಂಡು ಕನಿಷ್ಠ 12 ಅಂಗುಲ, ಎಂದರೆ 30 ಸೆಂಟಿಮೀಟರ್ ಆಳಕ್ಕೆ ಹೋಗಲೇಬೇಕು ಎಂಬ ಮಟ್ಟವನ್ನು ಎಫ್‌ಬಿಐ ಇಟ್ಟುಕೊಂಡಿತು. ಆಳದ ಮಟ್ಟಿಗೆ ಹಳೆಯ ಭಾರದ ಗುಂಡುಗಳಿಗೆ ಎಂದೂ ಕೊರತೆ ಇರಲಿಲ್ಲ.

ಅವುಗಳ ಕೊರತೆ ಇದ್ದದ್ದು ಮೂತಿಯಲ್ಲಿ. ದುಂಡು ಮೂತಿಯ ನಿಧಾನದ ಗುಂಡು ಮಾಂಸವನ್ನು ಕತ್ತರಿಸುವುದಿಲ್ಲ, ಬದಿಗೆ ಸರಿಸಿ ಜಾರಿಕೊಂಡು ಹೋಗುತ್ತದೆ. ಹಿಂದೆ ಬಿಡುವ ದಾರಿ ಅದರ ಅಡ್ಡಳತೆಗಿಂತಲೂ ಕಿರಿದಾಗಿರುತ್ತದೆ. ಸೆಕೆಂಡಿಗೆ 190 ಮೀಟರ್ ವೇಗದಲ್ಲಿ ಆ ಸೀಸ ಅರಳುವುದೂ ಇಲ್ಲ. ಚಪ್ಪಟೆ ಮೂತಿಯ ಗುಂಡು ಹಾಗಲ್ಲ, ಅದು ತನ್ನಷ್ಟೇ ಅಗಲದ ದಾರಿ ಕೊರೆಯುತ್ತದೆ. ಇದು ಬ್ರಿಟಿಷರಿಗೂ ಗೊತ್ತಿತ್ತು. 1912ರ .455 ಮಾರ್ಕ್ 4 ಗುಂಡಿನ ಮೂತಿ ಪೂರ್ತಿ ಚಪ್ಪಟೆ. ತೂಕ 265ರಿಂದ 220 ಗ್ರೇನಿಗೆ ಇಳಿದರೂ ಕೆಲಸ ಹೆಚ್ಚಿತ್ತು. ನನ್ನನ್ನು ಕೇಳಿದರೆ, ಭಾರ ಮುಖ್ಯವೋ ಆಕಾರ ಮುಖ್ಯವೋ ಎಂಬ ವಾದವನ್ನು ಆ ಒಂದು ತೋಟಾವೇ ಮುಗಿಸುತ್ತದೆ. .380ರ ಸಮರ್ಥಕರು ಇನ್ನೊಂದು ವಾದವನ್ನೂ ಮುಂದಿಟ್ಟಿದ್ದರು: ಉದ್ದದ ಗುಂಡು ನಿಧಾನ ವೇಗದಲ್ಲಿ ಅಷ್ಟು ಸ್ಥಿರವಾಗಿ ತಿರುಗದ ಕಾರಣ ದೇಹದೊಳಗೆ ಹೊಕ್ಕಾಗ ಅಡ್ಡ ಹೊರಳಿ ಅಗಲದ ಗಾಯ ಮಾಡುತ್ತದೆ ಎಂದು. ಹೊರಳಿದಾಗ ಅದು ನಿಜ. ಆದರೆ ಹೊರಳುತ್ತದೆ ಎಂಬ ಭರವಸೆಯ ಮೇಲೆ ಪ್ರಾಣ ಪಣಕ್ಕಿಡುವ ಆಯುಧವನ್ನು ಕಟ್ಟಬಾರದು. ಕವಚದ ಗಟ್ಟಿ ಗುಂಡು ಬಂದ ಮೇಲಂತೂ ನೇರ ಹೊಕ್ಕು ನೇರ ಹೊರಡುವುದೇ ಹೆಚ್ಚು.

ನಿಧಾನ ವೇಗಕ್ಕೆ ಇನ್ನೂ ಒಂದು ಬೆಲೆ ಇದೆ. 190 ಮೀಟರ್ ವೇಗದ ಗುಂಡು 25 ಮೀಟರ್ ದೂರ ಹೋಗುವಷ್ಟರಲ್ಲಿ ಸುಮಾರು 8 ಸೆಂಟಿಮೀಟರ್ ಕೆಳಕ್ಕೆ ಇಳಿಯುತ್ತದೆ. 50 ಮೀಟರಿಗೆ ಒಂದು ಅಡಿಗಿಂತ ಹೆಚ್ಚು. ಗಟ್ಟಿ ವಸ್ತುವಿನ ಮುಂದೆ ಅದರ ಆಟ ನಡೆಯುವುದಿಲ್ಲ. ಅಮೆರಿಕದಲ್ಲಿ ವೆಸ್ಟರ್ನ್ ಕಂಪನಿ 200 ಗ್ರೇನಿನ ಗುಂಡುಳ್ಳ ತೋಟಾಗಳನ್ನು ಸೂಪರ್ ಪೊಲೀಸ್ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಅದೇ ಕಾಲಕ್ಕೆ ದರೋಡೆಕೋರರು ಮೋಟಾರು ಹತ್ತಿ ಓಡತೊಡಗಿದ್ದರು. ಕಾರಿನ ಬಾಗಿಲ ತಗಡನ್ನೂ ಗಾಜನ್ನೂ ಭೇದಿಸಲು ಬೇಕಾದದ್ದು ವೇಗ. 1929ರ .38 ಸೂಪರ್, 1935ರ .357 ಮ್ಯಾಗ್ನಮ್ ಹುಟ್ಟಿದ್ದು ಆ ಅಗತ್ಯಕ್ಕೆ. ತೂಕ ಹೆಚ್ಚಿಸಿ ವೇಗ ಕಳೆದುಕೊಂಡ ತೋಟಾಗಳು ಆ ನಂತರ ಹಿಂದೆ ಬಿದ್ದವು.

ದೊಡ್ಡ ಗುಂಡಿನ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಲು ಕಾರಣ ಫಿಲಿಪೀನ್ಸ್. ಅಲ್ಲಿ ಮೊರೊ ಜನರೊಡನೆ ಕಾದಾಡಿದ ಅಮೆರಿಕನ್ ಸೈನಿಕರು ತಮ್ಮ .38 ಲಾಂಗ್ ಕೋಲ್ಟ್ ರಿವಾಲ್ವರ್ ಎದುರಾಳಿಯನ್ನು ನಿಲ್ಲಿಸುತ್ತಿಲ್ಲ ಎಂದು ದೂರಿದರು. 1904ರಲ್ಲಿ ಜಾನ್ ಥಾಂಪ್ಸನ್ ಎಂಬ ಶಸ್ತ್ರಾಧಿಕಾರಿ ಮತ್ತು ಲೂಯಿ ಲಗಾರ್ಡ್ ಎಂಬ ಸೇನಾ ವೈದ್ಯ ಶಿಕಾಗೋದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೂ ಬೇರೆಡೆ ಶವಗಳ ಮೇಲೂ ಗುಂಡು ಹಾರಿಸಿ ನೋಡಿದರು. ಓದಲು ಸಂಕಟವಾಗುವ ವರದಿ ಅದು. ಬೆರಳೆಣಿಕೆಯ ಪ್ರಾಣಿಗಳು, ಒಂದೊಂದಕ್ಕೆ ಒಂದೊಂದು ಕಡೆ ಏಟು. ಇದರಿಂದ ಯಾವ ಗಟ್ಟಿ ತೀರ್ಮಾನಕ್ಕೂ ಬರಲಾಗದು. ಆದರೂ ಸೇನೆಯ ಕೈಬಂದೂಕು .45ಕ್ಕಿಂತ ಕಡಿಮೆ ಬೋರಿನದಾಗಿರಬಾರದು ಎಂದು ಅವರು ಬರೆದರು, 1911ರ ಹೆಸರಾಂತ .45 ಪಿಸ್ತೂಲು ಅದರ ಫಲ. ಲಗಾರ್ಡ್ ದಾಖಲಿಸಿದ ಇನ್ನೊಂದು ಪ್ರಕರಣ ಹೆಚ್ಚು ಬೆಲೆಯುಳ್ಳದ್ದು. 1905ರ ಅಕ್ಟೋಬರ್‌ನಲ್ಲಿ ಸಮಾರ್ ದ್ವೀಪದಲ್ಲಿ ಆಂಟೋನಿಯೊ ಕಾಸ್ಪಿ ಎಂಬ ಕೈದಿ ತಪ್ಪಿಸಿಕೊಳ್ಳಲು ಹೋದಾಗ ಕೈಗೆ ಕೈ ತಾಗುವಷ್ಟು ಹತ್ತಿರದಿಂದ .38ರಲ್ಲಿ ನಾಲ್ಕು ಗುಂಡು ತಿಂದ. ಆದರೂ ನಿಲ್ಲಲಿಲ್ಲ; ಕೊನೆಗೆ ಅವನನ್ನು ಕೆಡವಿದ್ದು ಬಂದೂಕಿನ ಹಿಡಿಯ ಹೊಡೆತ. ಆಸ್ಪತ್ರೆಯಲ್ಲಿ ಗುಣಮುಖನೂ ಆದ.

ಈ ಪ್ರಕರಣವನ್ನು .38ರ ಸೋಲು ಎಂದು ಹೇಳುವುದು ರೂಢಿ. ನಾನು ಅದನ್ನು ಎಲ್ಲ ಕೈಬಂದೂಕುಗಳ ಮಿತಿ ಎಂದು ಓದುತ್ತೇನೆ. ರೈಫಲ್ ಗುಂಡು ತಾಗಿಯೂ ಮುನ್ನುಗ್ಗಿದ ಮೊರೊ ಯೋಧರ ವರದಿಗಳೂ ಅದೇ ಯುದ್ಧದಿಂದ ಬಂದಿವೆ. ಮಿದುಳಿಗೋ ಬೆನ್ನುಹುರಿಗೋ ತಾಗದ ಹೊರತು ಯಾವ ಗುಂಡೂ ಮನುಷ್ಯನನ್ನು ತಟ್ಟನೆ ನಿಲ್ಲಿಸದು. ಹೃದಯವೇ ನಿಂತರೂ ಮಿದುಳಿನಲ್ಲಿ 10-15 ಸೆಕೆಂಡಿಗೆ ಸಾಕಾಗುವ ಆಮ್ಲಜನಕ ಉಳಿದಿರುತ್ತದೆ, ಅಷ್ಟು ಹೊತ್ತು ಅವನು ಓಡಬಲ್ಲ, ಹೊಡೆಯಬಲ್ಲ. ಇನ್ನೊಂದು ವಿಚಿತ್ರ ನೋಡಿ. ಅಮೆರಿಕನ್ನರು ಕೈಲಾಗದ್ದೆಂದು ಬಿಸಾಡಿದ .38 ಲಾಂಗ್ ಕೋಲ್ಟ್‌ನ ಶಕ್ತಿ ಸುಮಾರು 255 ಜೂಲ್. ಬ್ರಿಟಿಷರು ಸಾಕಷ್ಟು ಬಲವುಳ್ಳದ್ದೆಂದು 1930ರ ದಶಕದಲ್ಲಿ ಆರಿಸಿಕೊಂಡ .380ರದ್ದು 235. ಎರಡು ಸೇನೆಗಳು ಹೆಚ್ಚುಕಡಿಮೆ ಒಂದೇ ತೋಟಾವನ್ನು ನೋಡಿ ಎದುರುಬದುರಾದ ತೀರ್ಪು ಕೊಟ್ಟವು. ಅಜ್ಜನ ಕಾಲದ ಹೊಗಳಿಕೆಯನ್ನೂ ಈಗಿನವರ ತೆಗಳಿಕೆಯನ್ನೂ ಅಳೆಯುವಾಗ ಇದನ್ನು ಮರೆಯಬಾರದು.

ಇನ್ನು ಸೀಸದ ಗುಂಡು ಹೋಗಿ ಕವಚದ ಗುಂಡು ಏಕೆ ಬಂತು ಎಂಬುದು. 1890ರ ದಶಕದಲ್ಲಿ ವಾಯವ್ಯ ಗಡಿಯ ಚಿತ್ರಾಲ್ ಕಾರ್ಯಾಚರಣೆಯ ನಂತರ, ಹೊಸ .303 ರೈಫಲಿನ ಕವಚದ ಗುಂಡು ಪಠಾಣರನ್ನು ನಿಲ್ಲಿಸುತ್ತಿಲ್ಲ ಎಂಬ ದೂರು ಎದ್ದಿತು. ಕಲ್ಕತ್ತೆಯ ಬಳಿಯ ಡಂ ಡಂ ಕಾರ್ಖಾನೆಯಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಮೂತಿಯ ಕವಚ ತೆರೆದ ಗುಂಡು ತಯಾರಿಸಿದರು. ಅದು ದೇಹದಲ್ಲಿ ಅರಳಿ ಘೋರ ಗಾಯ ಮಾಡುತ್ತಿತ್ತು. ರಿವಾಲ್ವರಿಗೂ 1898ರಲ್ಲಿ ಅದೇ ಬಗೆಯದು ಬಂತು: .455 ಮಾರ್ಕ್ 3, ಮೂತಿಯಲ್ಲಿ ಬಟ್ಟಲಿನಂಥ ಕುಳಿ, ಮ್ಯಾನ್‌ಸ್ಟಾಪರ್ ಎಂಬ ಅಡ್ಡಹೆಸರು. 1899ರ ಹೇಗ್ ಸಮ್ಮೇಳನ ಇಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಲು ಹೊರಟಾಗ ಬ್ರಿಟನ್ನಿನ ಪ್ರತಿನಿಧಿ ಜನರಲ್ ಜಾನ್ ಆರ್ಡಾ ಎದ್ದು ನಿಂತು, ನಾಗರಿಕ ಸೈನಿಕ ಗಾಯಗೊಂಡರೆ ಹಿಂದೆ ಸರಿಯುತ್ತಾನೆ, ಅನಾಗರಿಕ ಸರಿಯುವುದಿಲ್ಲ, ಆದ್ದರಿಂದ ಅವನಿಗೆ ಈ ಗುಂಡು ಬೇಕು ಎಂಬ ಅರ್ಥದ ವಾದ ಮಂಡಿಸಿದರು. ಅನಾಗರಿಕ ಎಂದರೆ ನಮ್ಮ ಗಡಿಯ ಜನ, ಆಫ್ರಿಕಾದ ಜನ. ಗುಂಡಿನ ಪರಿಣಾಮ ಎಂಬ ವಿಷಯವನ್ನು ಓದುವ ಯಾವ ಭಾರತೀಯನೂ ಈ ವಾದವನ್ನು ಸುಮ್ಮನೆ ದಾಟಿ ಹೋಗಲಾರ. ಗಾಯಗೊಂಡೂ ಮುನ್ನುಗ್ಗುವುದು ಯಾವ ಜನಾಂಗದ ಗುಣವೂ ಅಲ್ಲ; ಮಿಯಾಮಿಯ ದರೋಡೆಕೋರ ಅದನ್ನೇ ಮಾಡಿದ.

ಬ್ರಿಟನ್ ಹೇಗ್‌ನ ಆ ನಿಷೇಧ ಘೋಷಣೆಗೆ ಒಪ್ಪಿದ್ದು 1907ರಲ್ಲಿ. ಅದಕ್ಕೂ ಮೊದಲೇ ಮಾರ್ಕ್ 3 ಸೇನೆಯಿಂದ ಹೊರಬಿದ್ದಿತ್ತು. ಎರಡನೇ ಮಹಾಯುದ್ಧದ ಮೋಡ ಕವಿಯುತ್ತಿದ್ದಾಗ ಮತ್ತೆ ಅದೇ ಅಳುಕು ಬಂತು: .380ರ ಮೆತ್ತನೆಯ ಬರಿ ಸೀಸದ ಗುಂಡನ್ನು ಶತ್ರು ಅರಳುವ ಗುಂಡು ಎಂದು ದೂರಿ ಸೆರೆಸಿಕ್ಕ ಅಧಿಕಾರಿಗಳನ್ನು ಹಿಂಸಿಸಿದರೆ ಏನು ಗತಿ? ಹೀಗಾಗಿ 178 ಗ್ರೇನಿನ ಕವಚದ ಗುಂಡು ಬಂತು. ಅಜ್ಜನಿಗೆ ಸಿಕ್ಕಿದ್ದು ಅದು. ಭಾರ ಕಡಿಮೆ, ಅರಳುವುದಂತೂ ಇಲ್ಲ, ಮೂತಿ ದುಂಡು. ಕಾಗದದ ಮೇಲೆ ಇಡೀ ಸಾಲಿನಲ್ಲಿ ಅತ್ಯಂತ ಸಪ್ಪೆಯ ತೋಟಾ ಇದೇ. ಶಕ್ತಿ 200 ಜೂಲಿನ ಆಸುಪಾಸು. ಆದರೆ ಒದೆತ ಕಡಿಮೆ, ಗುರಿ ಹಿಡಿಯಲು ಸುಲಭ. ಪೊದೆಯ ಮರೆಯಲ್ಲಿ ನಾಲ್ಕಾರು ಮಾರು ದೂರದಲ್ಲಿ ಎದುರಾದ ಶತ್ರುವಿಗೆ ಹೊಡೆದದ್ದು ತಾಗಬೇಕು ಎಂಬುದೇ ಮೊದಲ ಮಾತಾಗಿದ್ದ ಕಡೆ ಅದು ಕೆಲಸಕ್ಕೆ ಬಂತು.

ಈಗ ನಿಮ್ಮ ಇನ್ನೊಂದು ಪ್ರಶ್ನೆ, ಹಳೆಯ ತೋಟಾ ಹಾರುತ್ತದೆಯೇ ಎಂಬುದು. ಇದಕ್ಕೆ ಪುಸ್ತಕದ ಅಂಕಿಗಳು ಉತ್ತರ ಹೇಳಲಾರವು, ಆದರೆ ನಮ್ಮ ಇತಿಹಾಸದಲ್ಲೇ ಒಂದು ಉತ್ತರವಿದೆ. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಉಧಮ್ ಸಿಂಗ್ ಜಲಿಯನ್‌ವಾಲಾ ಬಾಗ್ ಕಾಲದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓಡ್ವಯರ್‌ನನ್ನು ಕೊಂದರು. ಹಾರಿಸಿದ್ದು ಆರು ಗುಂಡು. ಎರಡು ಓಡ್ವಯರ್‌ಗೆ ತಾಗಿದವು, ಅವನು ಅಲ್ಲೇ ಸತ್ತ. ಸಭೆಯಲ್ಲಿದ್ದ ಲೂಯಿ ಡೇನ್‌ನ ಮುಂಗೈ ಮೂಳೆ ಮುರಿಯಿತು, ಲ್ಯಾಮಿಂಗ್‌ಟನ್‌ನ ಕೈಗೆ ಗಾಯವಾಯಿತು. ಭಾರತ ಮಂತ್ರಿ ಜೆಟ್‌ಲ್ಯಾಂಡ್‌ಗೆ ಅದೇ ಕೋಣೆಯಲ್ಲಿ, ಅಷ್ಟೇ ಹತ್ತಿರದಿಂದ, ಎದೆಯ ಪಕ್ಕಕ್ಕೆ ಗುಂಡು ತಾಗಿಯೂ ಅವನು ಸಣ್ಣಪುಟ್ಟ ಗಾಯದಿಂದ ಪಾರಾದ.

ಕಾರಣ ಆಯುಧದಲ್ಲಿತ್ತು. ರಿವಾಲ್ವರ್ .455 ಬೋರಿನ ಸ್ಮಿತ್ ಅಂಡ್ ವೆಸನ್. ಅದರಲ್ಲಿದ್ದದ್ದು ಅದಕ್ಕಿಂತ ಚಿಕ್ಕ .44 ಅಳತೆಯ, ದಶಕಗಳಷ್ಟು ಹಳೆಯ ತೋಟಾಗಳು. ಗುಂಡು ನಳಿಗೆಗಿಂತ ಅರ್ಧ ಮಿಲಿಮೀಟರಿನಷ್ಟು ಸಣ್ಣದಾದರೆ ಮದ್ದು ಉರಿದು ಹುಟ್ಟುವ ಅನಿಲ ಗುಂಡನ್ನು ತಳ್ಳುವ ಬದಲು ಅದರ ಪಕ್ಕದಿಂದಲೇ ನುಗ್ಗಿ ಹೋಗುತ್ತದೆ. ನಳಿಗೆಯ ಸುರುಳಿ ಗೀರುಗಳಿಗೆ ಗುಂಡು ಕಚ್ಚಿಕೊಳ್ಳುವುದಿಲ್ಲ, ತಿರುಗುವುದಿಲ್ಲ. ಮದ್ದು ಹಳೆಯದಾದರೆ ಒತ್ತಡ ಮೊದಲೇ ಕಡಿಮೆ, ಅದೂ ಒಂದರಲ್ಲಿ ಒಂದು ತರಹ, ಇನ್ನೊಂದರಲ್ಲಿ ಇನ್ನೊಂದು ತರಹ. ಒಂದೇ ಕೈ, ಒಂದೇ ಆಯುಧ, ಒಂದೇ ನಿಮಿಷ. ಒಬ್ಬ ಸತ್ತ, ಇನ್ನೊಬ್ಬ ಬಹುಮಟ್ಟಿಗೆ ಹಾಗೆಯೇ ಉಳಿದ. ಆ ಗುಂಡುಗಳ ತೂಕ ಅಲ್ಲಿ ಏನನ್ನೂ ನಿರ್ಧರಿಸಲಿಲ್ಲ.

ನಿಮ್ಮ ಡಬ್ಬಿಯಲ್ಲಿರುವುದರ ಸ್ಥಿತಿಯೂ ಇದೇ ಜಾತಿಯದು. ವಿಧಿವಿಜ್ಞಾನ ಪ್ರಯೋಗಾಲಯದ ಬಂದೂಕು ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಆ ತೋಟಾಗಳಲ್ಲಿ ಕೆಲವು ಹಾರುತ್ತವೆ, ಕೆಲವು ಹಾರುವುದಿಲ್ಲ, ಹೆಚ್ಚಿನ ಅಪಾಯವಿರುವುದು ಅರ್ಧಂಬರ್ಧ ಹಾರುವವುಗಳಲ್ಲಿ. ಕೊಡಗಿನ ಮಳೆಯ ತೇವ ಎಂಬತ್ತು ವರ್ಷಗಳಲ್ಲಿ ಕೊಳವೆಯ ಬಾಯಿಂದಲೂ ಬುಡದ ಕೇಪಿನ (ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಬಟ್ಟಲಿನ) ಅಂಚಿನಿಂದಲೂ ಒಳಗೆ ಇಳಿದಿರುತ್ತದೆ. ಕೇಪು ಸಿಡಿದರೂ ಮದ್ದು ಪೂರ್ತಿ ಉರಿಯದಿದ್ದರೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಈ ತೋಟಾದಲ್ಲಿ ಮೊದಲೇ ಒತ್ತಡ ಕಡಿಮೆ, ಕವಚದ ಗುಂಡಿಗೆ ಉಜ್ಜಾಟ ಹೆಚ್ಚು. ಹಾಗಾಗಿ ಸಿಕ್ಕಿಕೊಳ್ಳುವ ಸಂಭವ ಜಾಸ್ತಿ. ಹಾರಿಸಿದವನಿಗೆ ಬರಿ ಟಪ್ ಎಂಬ ಮೆಲ್ಲನೆಯ ಸದ್ದು ಕೇಳುತ್ತದೆ. ರಿವಾಲ್ವರಿನಲ್ಲಿ ಮುಂದಿನ ತೋಟಾ ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ. ಅವನು ಮತ್ತೆ ಟ್ರಿಗರ್ ಒತ್ತಿದರೆ ಎರಡನೇ ಗುಂಡು ಮೊದಲನೆಯದಕ್ಕೆ ಡಿಕ್ಕಿ ಹೊಡೆದು ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಉಬ್ಬಿದ ನಳಿಗೆಯನ್ನು ಮೇಜಿನ ಮೇಲಿಟ್ಟು ನೋಡಿದರೆ ಹಾವು ಕಪ್ಪೆ ನುಂಗಿದಂತೆ ಕಾಣುತ್ತದೆ. ಒಳಗೆ ಎರಡು ಗುಂಡು ಒಂದರ ಹಿಂದೊಂದು ಬೆಸೆದುಕೊಂಡಿರುತ್ತವೆ. ಇನ್ನು ಕೆಲವು ತೋಟಾಗಳು ಟ್ರಿಗರ್ ಒತ್ತಿ ಒಂದೆರಡು ಕ್ಷಣವಾದ ಮೇಲೆ ಹಾರುತ್ತವೆ. ಹುಸಿಯಾಯಿತೆಂದು ಆಯುಧವನ್ನು ಪಕ್ಕಕ್ಕೆ ತಿರುಗಿಸಿ ನೋಡುವವನ ಗತಿ ಊಹಿಸಿಕೊಳ್ಳಿ. ಆ ಕಾಲದ ಕೇಪುಗಳ ರಾಸಾಯನಿಕವೂ ಒಳ್ಳೆಯದಲ್ಲ: ಪಾದರಸವಿದ್ದರೆ ಹಿತ್ತಾಳೆ ಪೆಡಸಾಗಿ ಬಿರಿಯುತ್ತದೆ, ಕ್ಲೋರೇಟ್ ಇದ್ದರೆ ಹಾರಿಸಿದ ಮೇಲೆ ಉಳಿಯುವ ಉಪ್ಪು ನಳಿಗೆಗೆ ತುಕ್ಕು ಹಿಡಿಸುತ್ತದೆ.

ಹೊರಗೆ ಹೊಳಪಿದ್ದ ಮಾತ್ರಕ್ಕೆ ಒಳಗೆ ಚೆನ್ನಾಗಿದೆ ಎಂದು ತಿಳಿಯಬೇಡಿ. ಕೊಳವೆಯ ಮೇಲೆ ಹಸಿರು ಕಿಲುಬು ಎದ್ದಿದ್ದರೆ, ಹಿತ್ತಾಳೆಯಲ್ಲಿ ಕೂದಲೆಳೆಯ ಬಿರುಕಿದ್ದರೆ, ಠಾಣೆಗೆ ಫೋನ್ ಮಾಡುವಾಗಲೇ ಅದನ್ನೂ ಹೇಳಿ. ಡಬ್ಬಿಯನ್ನು ಅಲುಗಾಡಿಸದೆ, ಬಿಸಿಲು ಮತ್ತು ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಅಜ್ಜನ ನೆನಪಿಗೆ ಏನಾದರೂ ಬೇಕು ಎಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಅವರ ಸೇವಾ ಪುಸ್ತಕವೋ ಪಿಂಚಣಿ ಕಾಗದವೋ ಮನೆಯಲ್ಲಿದ್ದರೆ ಅದರಲ್ಲಿ ಸೇನಾ ಸಂಖ್ಯೆಯೂ ರೆಜಿಮೆಂಟಿನ ಹೆಸರೂ ಇರುತ್ತವೆ. ಅವೆರಡೂ ಕೈಯಲ್ಲಿದ್ದರೆ ಆ ರೆಜಿಮೆಂಟಿನ ದಾಖಲೆ ಕಚೇರಿಗೆ ಪತ್ರ ಬರೆಯಬಹುದು. ಅಟ್ಟದ ಉಳಿದ ಪೆಟ್ಟಿಗೆಗಳನ್ನು ತೆರೆಯುವಾಗ ಕಾಗದಪತ್ರಗಳನ್ನು ಬೇರೆ ಮಾಡಿಟ್ಟುಕೊಳ್ಳಿ. ಮತ್ತೆ ಲೋಹದ ವಸ್ತು ಏನಾದರೂ ಸಿಕ್ಕರೆ, ಅದು ಏನೆಂದು ಗೊತ್ತಾಗುವವರೆಗೆ ಕೈ ಹಾಕಬೇಡಿ.